‘ಪೆನಿಸಿಲಿನ್ ಆಗಲ್ಲ’ ಎನ್ನುವ ರೋಗಿಗೆ ಯಾವ ಆ್ಯಂಟಿಬಯಾಟಿಕ್?

ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ ಹಾಗೂ ನರ್ಸಿಂಗ್ ಹೋಮ್‌ಗಳ ವೈದ್ಯರಿಗೆ, ದಂತವೈದ್ಯರಿಗೆ, ಶುಶ್ರೂಷಾ ಅಧಿಕಾರಿಗಳಿಗೆ ಮತ್ತು ಔಷಧ ಅಂಗಡಿಯವರಿಗೆ,

ಪೆನಿಸಿಲಿನ್ ಅಲರ್ಜಿ ಇದೆ ಎಂದು ಹೇಳಿಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಆ ಅಲರ್ಜಿ ಇರುವುದಿಲ್ಲ. ಅಮೆರಿಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ವೈದ್ಯಕೀಯ ದಾಖಲೆಯಲ್ಲಿ ಈ ಅಲರ್ಜಿ ನಮೂದಾಗಿರುತ್ತದೆ. ಅಂಥವರನ್ನು ಕ್ರಮವಾಗಿ ಪರೀಕ್ಷಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಯಾವ ತೊಂದರೆಯೂ ಇಲ್ಲದೆ ಪೆನಿಸಿಲಿನ್ ತೆಗೆದುಕೊಳ್ಳಬಲ್ಲರು. ಇದಕ್ಕೆ ಎರಡು ಕಾರಣ. ಮೊದಲ ಸಲ ಆದದ್ದು ಅಲರ್ಜಿಯೇ ಅಲ್ಲದಿರಬಹುದು: ಮಾತ್ರೆಯಿಂದ ಬಂದ ಭೇದಿ, ವೈರಸ್ ಜ್ವರದ ಜೊತೆ ಮೂಡಿದ ದದ್ದು, ಇಂಜೆಕ್ಷನ್ನಿನ ಹೆದರಿಕೆಗೆ ಬಂದ ತಲೆಸುತ್ತು. ಅಥವಾ ನಿಜವಾದ ಅಲರ್ಜಿಯೇ ಇದ್ದು ಕಾಲಕ್ರಮದಲ್ಲಿ ಮಾಸಿಹೋಗಿರಬಹುದು. ಐಜಿಇ ಪ್ರತಿಕಾಯದಿಂದ ಆಗುವ ತಕ್ಷಣದ ಅಲರ್ಜಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ, ಹತ್ತು ವರ್ಷಗಳಲ್ಲಿ ಸುಮಾರು ಶೇ 80ರಷ್ಟು ಜನರಲ್ಲಿ ಇಲ್ಲವಾಗುತ್ತದೆ. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಸಾಲು ಮಾತ್ರ ಹಾಗೇ ಉಳಿಯುತ್ತದೆ.

ಆ ಸಾಲಿನಿಂದ ನಷ್ಟವೇನೂ ಇಲ್ಲ, ಬೇರೆ ಔಷಧ ಬರೆದರಾಯಿತು ಎಂಬ ಧೋರಣೆ ತಪ್ಪು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೆನಿಸಿಲಿನ್ ಅಲರ್ಜಿ ಎಂದು ದಾಖಲಾದವರಲ್ಲಿ ಮುಂದೆ ಎಂಆರ್‌ಎಸ್‌ಎ ಸೋಂಕಿನ ಅಪಾಯ ಶೇ 69ರಷ್ಟು, ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಭೇದಿಯ ಅಪಾಯ ಶೇ 26ರಷ್ಟು ಹೆಚ್ಚಿತ್ತು. ಅದೇ ವರ್ಷ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ ಇಂಥವರಲ್ಲಿ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಎಂದು ತೋರಿಸಿತು. ಪೆನಿಸಿಲಿನ್ ಕೈಬಿಟ್ಟಾಗ ಆ ಜಾಗಕ್ಕೆ ಬರುವ ಔಷಧಗಳು ಇದಕ್ಕೆ ಒಂದು ದೊಡ್ಡ ಕಾರಣ. ಕ್ಲಿಂಡಮೈಸಿನ್ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲನ ಕೆಡಿಸುತ್ತದೆ. ವ್ಯಾಂಕೊಮೈಸಿನ್ ಮೂತ್ರಪಿಂಡಕ್ಕೆ ಭಾರ. ಸಾಮಾನ್ಯ ಸ್ಟಫೈಲೊಕಾಕಸ್ ವಿರುದ್ಧ ಸೆಫಜೋಲಿನ್‌ನಷ್ಟು ಚುರುಕೂ ಅಲ್ಲ. ಅಜಿಥ್ರೊಮೈಸಿನ್ ಹೃದಯದ ಕ್ಯೂಟಿ ಅವಧಿಯನ್ನು ಹಿಗ್ಗಿಸಬಲ್ಲದು. ಲಿವೊಫ್ಲಾಕ್ಸಸಿನ್‌ನದು ನಮ್ಮ ದೇಶದ ಮಟ್ಟಿಗೆ ಇನ್ನೊಂದು ತೊಡಕು. ಅದು ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುವುದರಿಂದ ಕೆಮ್ಮು ಅರ್ಧಂಬರ್ಧ ತಗ್ಗುತ್ತದೆ, ಕಫದ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಕ್ಷಯ ಪತ್ತೆಯಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಆದ್ದರಿಂದ ಬದಲಿ ಔಷಧ ಯಾವುದು ಎಂದು ಯೋಚಿಸುವ ಮೊದಲು, ಅಲರ್ಜಿ ನಿಜವೇ ಎಂಬುದನ್ನು ತಿಳಿಯಬೇಕು.

ಅದನ್ನು ತಿಳಿಯುವ ಮುಖ್ಯ ಸಾಧನ ರೋಗಿಯ ಮಾತೇ. ಹೊರರೋಗಿ ವಿಭಾಗದಲ್ಲಿ ಕೇಳಿಬರುವ ಮಾತುಗಳು ಗೊತ್ತಿರುವಂಥವೇ: ‘ಆ ಇಂಜೆಕ್ಷನ್ ನನಗೆ ಆಗಲ್ಲ’, ‘ಆ ಕ್ಯಾಪ್ಸೂಲ್ ಹೀಟು’, ‘ನಮ್ಮಮ್ಮನಿಗೆ ಒಗ್ಗಲ್ಲ, ಅದಕ್ಕೇ ನಾನೂ ತಗೊಳ್ಳಲ್ಲ’. ಹೀಟು ಎನ್ನುವವರನ್ನು ಇನ್ನಷ್ಟು ಕೆದಕಿದರೆ ಬಾಯಿಹುಣ್ಣು, ಹೊಟ್ಟೆ ಉರಿ, ಭೇದಿ ಹೊರಬರುತ್ತವೆ. ಇವು ಅಡ್ಡಪರಿಣಾಮಗಳು, ಅಲರ್ಜಿಯಲ್ಲ. ತಾಯಿಗಿರುವ ಪೆನಿಸಿಲಿನ್ ಅಲರ್ಜಿಯ ಕಾರಣಕ್ಕೆ ಮಗನಿಗೆ ಪೆನಿಸಿಲಿನ್ ನಿಲ್ಲಿಸಬೇಕಿಲ್ಲ. ಕೇಳಬೇಕಾದದ್ದು ಇಷ್ಟು: ಔಷಧದ ಹೆಸರೇನು, ಎಷ್ಟು ವರ್ಷದ ಹಿಂದೆ, ಔಷಧ ಸೇರಿದ ಎಷ್ಟು ಹೊತ್ತಿಗೆ ಅಥವಾ ಎಷ್ಟು ದಿನಕ್ಕೆ ಶುರುವಾಯಿತು, ಮೈಮೇಲೆ ಏನು ಕಾಣಿಸಿತು, ಉಸಿರು ಕಟ್ಟಿತೇ, ಆಸ್ಪತ್ರೆಗೆ ಸೇರಿಸಬೇಕಾಯಿತೇ. ಇವೆಲ್ಲಕ್ಕಿಂತ ಉಪಯುಕ್ತವಾದ, ಆದರೂ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಆಮೇಲೆ ಎಂದಾದರೂ ಅದೇ ಜಾತಿಯ ಔಷಧ ಹೊಟ್ಟೆ ಸೇರಿದೆಯೇ? ಇದಕ್ಕೆ ಉತ್ತರ ಅನೇಕ ಸಲ ರೋಗಿ ಕಂಕುಳಲ್ಲಿಟ್ಟುಕೊಂಡು ಬಂದ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಮಡಿಕೆ ಬಿದ್ದ ಹಳೆ ಚೀಟಿಗಳಲ್ಲಿ ಎರಡು ವರ್ಷದ ಹಿಂದಿನ ಒಂದರಲ್ಲಿ ಆಗ್‌ಮೆಂಟಿನ್ ಎಂದಿದ್ದು, ಐದೂ ದಿನ ನುಂಗಿದರೂ ಏನೂ ಆಗಲಿಲ್ಲ ಎಂದು ರೋಗಿಯೇ ಹೇಳಿದರೆ ಮುಂದಿನ ತನಿಖೆ ಬೇಕಿಲ್ಲ. ಆಗ್‌ಮೆಂಟಿನ್‌ನಲ್ಲಿರುವ ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ್ದೇ.

ನಿಜವಾದ ಪ್ರತಿಕ್ರಿಯೆಗಳನ್ನು ಮೂರು ಬಗೆಯಾಗಿ ನೋಡಿದರೆ ಚಿಕಿತ್ಸೆಯ ನಿರ್ಧಾರ ಸುಲಭ. ತಕ್ಷಣದ್ದು ಮೊದಲನೆಯದು. ಔಷಧ ಸೇರಿದ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮೈತುಂಬ ಪಿತ್ತಗಂಧೆ ಏಳುತ್ತದೆ. ತುಟಿ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ. ಉಬ್ಬಸ, ವಾಂತಿ, ರಕ್ತದೊತ್ತಡದ ಕುಸಿತ ಕಾಣಿಸಿಕೊಳ್ಳಬಹುದು. ಇದರ ಉಲ್ಬಣ ಸ್ಥಿತಿಯೇ ಅನಾಫಿಲಾಕ್ಸಿಸ್. ಎರಡನೆಯದು ಕೆಲವು ದಿನಗಳ ನಂತರ ಮೈಮೇಲೆ ಮೂಡುವ ಕೆಂಪು ದದ್ದು. ಜ್ವರವಿಲ್ಲದೆ, ಬೊಬ್ಬೆಯಿಲ್ಲದೆ ತಾನಾಗಿ ಇಳಿಯುವಂಥದ್ದು. ಮಕ್ಕಳಲ್ಲಿ ಇದು ಬಹಳ ಸಾಮಾನ್ಯ, ಎಷ್ಟೋ ಸಲ ಅದಕ್ಕೆ ವೈರಸ್ಸೇ ಕಾರಣ. ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿರುವಾಗ ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ಬರುವ ದದ್ದನ್ನು ಜೀವಮಾನದ ಅಲರ್ಜಿ ಎಂದು ಬರೆಯುವುದು ಹಳೆಯ ತಪ್ಪು. ಮೂರನೆಯದು ಅಪರೂಪದ್ದಾದರೂ ಭಯಂಕರವಾದದ್ದು: ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಚರ್ಮ ಹಾಳೆಹಾಳೆಯಾಗಿ ಸುಲಿಯುವ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್, ಅಂಗಾಂಗಗಳಿಗೂ ಹಬ್ಬುವ ಡ್ರೆಸ್. ಔಷಧದಿಂದ ರಕ್ತಕಣಗಳು ನಾಶವಾದ, ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟ ಪ್ರಸಂಗಗಳನ್ನೂ ಇದರ ಜೊತೆಗೇ ಇಡಬೇಕು. ಇಂಥ ರೋಗಿಗೆ ಪೆನಿಸಿಲಿನ್ ಮತ್ತೆ ಕೊಟ್ಟು ನೋಡುವ ಪ್ರಶ್ನೆಯೇ ಇಲ್ಲ. ತಜ್ಞರ ಸಲಹೆಯಿಲ್ಲದೆ ಬೀಟಾ-ಲ್ಯಾಕ್ಟಮ್ ಗುಂಪಿನ ಯಾವ ಔಷಧವೂ ಬೇಡ.

ಕರಾವಳಿ, ಮಲೆನಾಡಿನ ವೈದ್ಯರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಇಲಿ ಜ್ವರದ ರೋಗಿಗೆ ಪೆನಿಸಿಲಿನ್ ಮೊದಲ ಡೋಸ್ ಬಿದ್ದ ಕೆಲವೇ ಗಂಟೆಗಳಲ್ಲಿ ಚಳಿ, ನಡುಕ, ಜ್ವರದ ಏರಿಕೆ ಕಾಣಿಸಬಹುದು. ಸಿಫಿಲಿಸ್ ಚಿಕಿತ್ಸೆಯಲ್ಲೂ ಹೀಗಾಗುತ್ತದೆ. ಸಾಯುತ್ತಿರುವ ರೋಗಾಣುಗಳಿಂದ ಆಗುವ ಜಾರಿಷ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಇದು. ಅಲರ್ಜಿ ಎಂದು ಬರೆದು ಔಷಧ ನಿಲ್ಲಿಸಬಾರದು.

ಕೇಳಿ ತಿಳಿದದ್ದನ್ನು ಅಂಕಿಗಿಳಿಸಲು 2020ರಲ್ಲಿ ಆಸ್ಟ್ರೇಲಿಯಾದ ತಜ್ಞರು ಪೆನ್-ಫಾಸ್ಟ್ ಎಂಬ ಸರಳ ಲೆಕ್ಕವೊಂದನ್ನು ಪ್ರಕಟಿಸಿದರು. ಪ್ರತಿಕ್ರಿಯೆ ಆಗಿ ಐದು ವರ್ಷ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ 2 ಅಂಕ. ಅನಾಫಿಲಾಕ್ಸಿಸ್, ಮುಖ-ತುಟಿಗಳ ಊತ ಅಥವಾ ತೀವ್ರ ಚರ್ಮರೋಗ ಆಗಿದ್ದರೆ 2 ಅಂಕ. ಚಿಕಿತ್ಸೆ ಬೇಕಾಗಿದ್ದರೆ 1 ಅಂಕ. ಒಟ್ಟು ಮೂರಕ್ಕಿಂತ ಕಡಿಮೆಯಾದರೆ ಪರೀಕ್ಷೆಯಲ್ಲಿ ನಿಜವಾದ ಅಲರ್ಜಿ ಕಂಡುಬರುವ ಸಾಧ್ಯತೆ ಶೇ 5ಕ್ಕೂ ಕಡಿಮೆ. ಸೊನ್ನೆಯಾದರೆ ಶೇ 1ಕ್ಕೂ ಕಡಿಮೆ. ಮೇಲೆ ಹೇಳಿದ ಮೂರನೆಯ ಬಗೆಯ ಪ್ರತಿಕ್ರಿಯೆ ಆಗಿರದ, ಇಂಥ ಕಡಿಮೆ ಅಪಾಯದವರಿಗೆ ಚರ್ಮಪರೀಕ್ಷೆಯಿಲ್ಲದೆ ನೇರವಾಗಿ ಬಾಯಿ ಮೂಲಕ ಒಂದು ಡೋಸ್ ಕೊಟ್ಟು ನೋಡುವ ಕ್ರಮವನ್ನು ಪ್ಯಾಲೇಸ್ ಎಂಬ ಅಧ್ಯಯನ ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ಒರೆಗೆ ಹಚ್ಚಿತು. 2023ರಲ್ಲಿ ಫಲಿತಾಂಶ ಬಂತು: ಮುನ್ನೂರೆಂಬತ್ತರ ಆಸುಪಾಸಿನಷ್ಟಿದ್ದ ರೋಗಿಗಳಲ್ಲಿ, ನೇರವಾಗಿ ಔಷಧ ನುಂಗಿದ ಗುಂಪಿನಲ್ಲಿ ಒಬ್ಬರಿಗೆ, ಚರ್ಮಪರೀಕ್ಷೆ ಮುಗಿಸಿ ನುಂಗಿದ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಪ್ರತಿಕ್ರಿಯೆ ಕಂಡಿತು. ಚಿಕ್ಕಂದಿನಲ್ಲಿ ಎಂದೋ ದದ್ದು ಬಂದಿತ್ತಂತೆ ಎನ್ನುವ ನಲವತ್ತರ ವಯಸ್ಸಿನವರಿಗೆ ಅಮಾಕ್ಸಿಸಿಲಿನ್ 250 ಅಥವಾ 500 ಮಿಲಿಗ್ರಾಂ ಒಂದೇ ಒಂದು ಡೋಸ್ ಕೊಟ್ಟು, ಒಂದು ಗಂಟೆ ಕಣ್ಣಳತೆಯಲ್ಲಿ ಕೂರಿಸಿಕೊಂಡು, ಏನೂ ಆಗದಿದ್ದರೆ ಅಲರ್ಜಿಯ ಹಣೆಪಟ್ಟಿ ಅಳಿಸಬಹುದು. ಅಡ್ರಿನಲಿನ್ ಕೈಗೆಟುಕುವಂತಿರಬೇಕು, ಅದನ್ನು ಕೊಡಬಲ್ಲವರು ಅಲ್ಲೇ ಇರಬೇಕು. ರೋಗಿಗೆ ಆ ದಿನ ತೀವ್ರ ಕಾಯಿಲೆ, ಹತೋಟಿಯಲ್ಲಿಲ್ಲದ ಆಸ್ತಮಾ ಇರಬಾರದು.

ಇನ್ನು ಸೆಫಲೊಸ್ಪೊರಿನ್ ವಿಷಯ. ಪೆನಿಸಿಲಿನ್ ಆಗದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಸೆಫಲೊಸ್ಪೊರಿನ್ ಕೂಡ ಆಗುವುದಿಲ್ಲ ಎಂಬ ಪಾಠ ಹಲವು ತಲೆಮಾರಿನ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆ ಅಂಕಿ 1960-70ರ ದಶಕದ ವರದಿಗಳದ್ದು. ಅಂದಿನ ಸೆಫಲೊಸ್ಪೊರಿನ್‌ಗಳಲ್ಲಿ ತಯಾರಿಕೆಯ ಹಂತದಲ್ಲೇ ಪೆನಿಸಿಲಿನ್ನಿನ ಅಂಶ ಬೆರೆತಿರುತ್ತಿತ್ತು. ಸಾಲದ್ದಕ್ಕೆ ರೋಗಿಗಳಿಗೆ ಪೆನಿಸಿಲಿನ್ ಅಲರ್ಜಿ ನಿಜಕ್ಕೂ ಇತ್ತೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷೆಯಲ್ಲಿ ಅಲರ್ಜಿ ದೃಢಪಟ್ಟವರಲ್ಲೂ ಸೆಫಲೊಸ್ಪೊರಿನ್‌ಗೆ ಅಡ್ಡ ಪ್ರತಿಕ್ರಿಯೆ ಒಟ್ಟಾರೆ ಶೇ 2ರ ಆಸುಪಾಸಿನಲ್ಲಿದೆ ಎಂಬುದು ಈಗಿನ ತಿಳಿವಳಿಕೆ. ಎರಡೂ ಗುಂಪುಗಳಲ್ಲಿ ಬೀಟಾ-ಲ್ಯಾಕ್ಟಮ್ ಉಂಗುರವಿದೆ ನಿಜ, ಆದರೆ ಸೆಫಲೊಸ್ಪೊರಿನ್‌ಗಳ ವಿಷಯದಲ್ಲಿ ರೋಗನಿರೋಧಕ ವ್ಯವಸ್ಥೆ ಹೆಚ್ಚಾಗಿ ಗುರುತು ಹಿಡಿಯುವುದು ಉಂಗುರಕ್ಕೆ ಅಂಟಿಕೊಂಡ ಆರ್-1 ಪಾರ್ಶ್ವ ಸರಪಳಿಯನ್ನು. ಒಂದೇ ಮನೆತನದ ಹೆಸರಿಟ್ಟುಕೊಂಡವರಲ್ಲಿ ಮುಖ ನೋಡಿ ವ್ಯಕ್ತಿಯನ್ನು ಗುರುತಿಸಿದ ಹಾಗೆ ಇದು.

ಹಾಗಾಗಿ ಮುಖ ಹೋಲುವ ಔಷಧಗಳ ಹೆಸರು ಗೊತ್ತಿದ್ದರೆ ಸಾಕು. ಆಂಪಿಸಿಲಿನ್ನಿನ ಪಾರ್ಶ್ವ ಸರಪಳಿಯೇ ಸೆಫಲೆಕ್ಸಿನ್ ಮತ್ತು ಸೆಫಾಕ್ಲೋರ್‌ಗಳಲ್ಲಿದೆ. ಅಮಾಕ್ಸಿಸಿಲಿನ್ನಿನದು ಸೆಫಾಡ್ರಾಕ್ಸಿಲ್ ಮತ್ತು ಸೆಫ್‌ಪ್ರೋಜಿಲ್‌ಗಳಲ್ಲಿದೆ. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಪರಸ್ಪರ ಹತ್ತಿರದವೇ ಆದ್ದರಿಂದ ಇವೆಲ್ಲವನ್ನೂ ಒಂದು ಗುಂಪಾಗಿ ಕಾಣುವುದು ಕ್ಷೇಮ. ತಕ್ಷಣದ ಪ್ರತಿಕ್ರಿಯೆ ಆದವರಿಗೆ ಈ ಗುಂಪು ಬೇಡ. ಸೆಫ್ಟ್ರಿಯಾಕ್ಸೋನ್, ಸೆಫೊಟಾಕ್ಸಿಮ್, ಸೆಫುರಾಕ್ಸಿಮ್, ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್, ಸೆಫೆಪಿಮ್‌ಗಳ ಸರಪಳಿ ಪೆನಿಸಿಲಿನ್‌ಗಳದ್ದನ್ನು ಹೋಲುವುದಿಲ್ಲ. ಸೆಫಜೋಲಿನ್‌ನದಂತೂ ಬಳಕೆಯಲ್ಲಿರುವ ಬೇರಾವ ಬೀಟಾ-ಲ್ಯಾಕ್ಟಮ್‌ಗೂ ಹೋಲದು. ಹಿಂದೆ ಪೆನಿಸಿಲಿನ್‌ನಿಂದ ಅನಾಫಿಲಾಕ್ಸಿಸ್ ಆಗಿದ್ದವರಿಗೂ ಹೀಗೆ ಸರಪಳಿ ಬೇರೆಯಿರುವ ಸೆಫಲೊಸ್ಪೊರಿನ್ ಅನ್ನು ಪರೀಕ್ಷೆಯಿಲ್ಲದೆ ಕೊಡಬಹುದು ಎಂದು 2022ರ ಅಮೆರಿಕದ ಅಲರ್ಜಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ, ಸಿಸೇರಿಯನ್‌ಗೆ ಮುನ್ನ ‘ಪೆನಿಸಿಲಿನ್ ಅಲರ್ಜಿ’ ಎಂದು ಓದಿದ ಕೂಡಲೇ ಸೆಫಜೋಲಿನ್ ಬಿಟ್ಟು ಕ್ಲಿಂಡಮೈಸಿನ್, ಜೆಂಟಮೈಸಿನ್‌ಗೆ ಕೈಹಾಕಲು ಆಧಾರವಿಲ್ಲ. ಸೆಫಜೋಲಿನ್‌ಗೂ ಸೆಫ್ಟ್ರಿಯಾಕ್ಸೋನ್‌ಗೂ ಅವುಗಳದೇ ಆದ ಅಲರ್ಜಿ ಆಗಬಹುದು ಎಂಬುದು ಬೇರೆ ಮಾತು. ಅದು ಪೆನಿಸಿಲಿನ್ ಇತಿಹಾಸವಿಲ್ಲದ ರೋಗಿಗೂ ಇರುವ ಅಪಾಯ.

ಮೆರೊಪೆನೆಮ್, ಇಮಿಪೆನೆಮ್‌ಗಳೊಂದಿಗೆ ಪೆನಿಸಿಲಿನ್ನಿನ ಅಡ್ಡ ಪ್ರತಿಕ್ರಿಯೆ ಶೇ 1ಕ್ಕೂ ಕಡಿಮೆ. ಆಜ್‌ಟ್ರಿಯೊನಾಮ್‌ಗೆ ಪೆನಿಸಿಲಿನ್ ಜೊತೆ ಸಂಬಂಧವೇ ಇಲ್ಲ, ಸರಪಳಿ ಹಂಚಿಕೊಂಡಿರುವುದು ಸೆಫ್ಟಾಜಿಡಿಮ್‌ನೊಂದಿಗೆ. ಹಾಗೆಂದು ಅಲರ್ಜಿಯ ನೆಪದಲ್ಲಿ ಮೆರೊಪೆನೆಮ್‌ಗೆ ನೆಗೆಯುವುದು ಇನ್ನೊಂದು ಅನಾಹುತ. ಕಾರ್ಬಪೆನೆಮ್‌ಗಳೂ ಮೂರನೆಯ, ನಾಲ್ಕನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳೂ 2014ರಿಂದ ಎಚ್-1 ಪಟ್ಟಿಯಲ್ಲಿರುವುದು ಅವುಗಳ ದುಂದುಬಳಕೆ ತಡೆಯಲೆಂದೇ. ಡಾಕ್ಸಿಸೈಕ್ಲಿನ್, ಕೋಟ್ರೈಮಾಕ್ಸಜೋಲ್, ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್, ಅಮಿಕಾಸಿನ್‌ಗಳು ರಚನೆಯಲ್ಲೇ ಬೇರೆ ಕುಲದವು. ಪೆನಿಸಿಲಿನ್ ಅಲರ್ಜಿ ಅವಕ್ಕೆ ಅಡ್ಡಿಯಲ್ಲ.

ಕಾಯಿಲೆಯ ಕಡೆಯಿಂದ ನೋಡಿದರೆ ಎಷ್ಟೋ ಕಡೆ ತೊಡಕೇ ಇಲ್ಲ. ಮೂತ್ರಕೋಶದ ಸೋಂಕಿಗೆ ನೈಟ್ರೊಫ್ಯುರಾಂಟೊಯಿನ್ ಅಥವಾ ಫಾಸ್ಫೊಮೈಸಿನ್ ಹೇಗೂ ಮೊದಲ ಸಾಲಿನವು. ಟೈಫಾಯ್ಡ್‌ಗೆ ಸೆಫ್ಟ್ರಿಯಾಕ್ಸೋನ್ ಅಥವಾ ಅಜಿಥ್ರೊಮೈಸಿನ್. ಸ್ಕ್ರಬ್ ಟೈಫಸ್‌ಗೆ ಬೇಕಾದದ್ದು ಡಾಕ್ಸಿಸೈಕ್ಲಿನ್. ಬೀಟಾ-ಲ್ಯಾಕ್ಟಮ್‌ಗಳಿಗೆ ಆ ರೋಗಾಣು ಬಗ್ಗುವುದೇ ಇಲ್ಲ. ಇಲಿ ಜ್ವರದಲ್ಲಿ ಪೆನಿಸಿಲಿನ್ ಬದಲು ಡಾಕ್ಸಿಸೈಕ್ಲಿನ್, ತೀವ್ರವಾದರೆ ಅಥವಾ ಗರ್ಭಿಣಿಯಾದರೆ ಸೆಫ್ಟ್ರಿಯಾಕ್ಸೋನ್ ಸಾಕು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮಳೆಗಾಲದ ಹೊತ್ತಿಗೆ ಎದುರಾಗುವ ಮೆಲಿಯಾಯ್ಡೋಸಿಸ್‌ಗೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್. ಕೋಟ್ರೈಮಾಕ್ಸಜೋಲ್ ಒಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬದಲಾಯಿಸುವಾಗ ಮಾತ್ರ ಅಲರ್ಜಿಯ ಪ್ರಶ್ನೆ ಏಳುತ್ತದೆ. ಸ್ಟ್ರೆಪ್ಟೊಕಾಕಸ್ ಗಂಟಲುನೋವಿನಲ್ಲಿ, ಹಿಂದೆ ಬಂದದ್ದು ತಡವಾದ ಸಾಮಾನ್ಯ ದದ್ದಾಗಿದ್ದರೆ ಸೆಫಲೆಕ್ಸಿನ್ ಹತ್ತು ದಿನ. ತಕ್ಷಣದ ಪ್ರತಿಕ್ರಿಯೆಯಾಗಿದ್ದರೆ ಅಜಿಥ್ರೊಮೈಸಿನ್ ಅಥವಾ ಕ್ಲಿಂಡಮೈಸಿನ್. ಹೃದಯದ ಕವಾಟ ಬದಲಾಯಿಸಿಕೊಂಡವರ ಹಲ್ಲು ಕೀಳುವ ಮುನ್ನ ಅಮಾಕ್ಸಿಸಿಲಿನ್ ಆಗದಿದ್ದರೆ ಅಜಿಥ್ರೊಮೈಸಿನ್ 500 ಅಥವಾ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಕೊಡಬಹುದು. ದಂತವೈದ್ಯರ ಚೀಟಿಗಳಲ್ಲಿ ಮಾಮೂಲಿಯಾಗಿದ್ದ ಕ್ಲಿಂಡಮೈಸಿನ್ ಅನ್ನು ಅಮೆರಿಕದ ಹೃದ್ರೋಗ ಸಂಘ 2021ರಲ್ಲಿ ಈ ಪಟ್ಟಿಯಿಂದ ತೆಗೆದುಹಾಕಿದೆ.

ಟೆಸ್ಟ್ ಡೋಸ್ ಬಗ್ಗೆ ನೇರವಾಗಿಯೇ ಹೇಳಬೇಕು. ವಾರ್ಡಿನಲ್ಲಿ ದಿನನಿತ್ಯ ನಡೆಯುವುದು ಹೀಗೆ: ಸೆಫ್ಟ್ರಿಯಾಕ್ಸೋನ್ ಒಂದು ಗ್ರಾಂ ವಯಲ್‌ಗೆ ಹತ್ತು ಎಂಎಲ್ ನೀರು ಬೆರೆಸಿ, ಅದರಿಂದಲೇ 0.1 ಎಂಎಲ್ ಎಳೆದು ಮುಂಗೈ ಒಳಬದಿಯ ಚರ್ಮದೊಳಗೆ ಚುಚ್ಚುತ್ತಾರೆ. ಎದ್ದ ಗುಳ್ಳೆಯ ಸುತ್ತ ಬಾಲ್‌ಪೆನ್ನಿನಲ್ಲಿ ವೃತ್ತ ಎಳೆದು, ಪಕ್ಕದಲ್ಲಿ ಗಂಟೆ ಬರೆದು, ಹದಿನೈದು ನಿಮಿಷದ ಮೇಲೆ ಬಂದು ನೋಡುತ್ತಾರೆ. ಅಷ್ಟು ಗಾಢ ದ್ರಾವಣ ಚರ್ಮ ಕೆರಳದೆ ತಡೆಯಬಲ್ಲ ಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚು. ಕೆಂಪಗಾದರೆ ಅದು ಅಲರ್ಜಿಯೋ ಬರೀ ಉರಿಯೋ ಹೇಳಲಾಗದು, ಏಕೆಂದರೆ ಹೋಲಿಸಿ ನೋಡಲು ಸಲೈನ್, ಹಿಸ್ಟಮಿನ್ ಗುಳ್ಳೆಗಳನ್ನು ಯಾರೂ ಹಾಕಿರುವುದಿಲ್ಲ. ಕೆಂಪಗಾಗದಿದ್ದರೂ ಪೂರ್ತಿ ಡೋಸ್ ಸುರಕ್ಷಿತ ಎಂಬ ಭರವಸೆಯಿಲ್ಲ. ಮೊದಲನೆಯದರಿಂದ ಇನ್ನೊಂದು ಸುಳ್ಳು ಹಣೆಪಟ್ಟಿ ಹುಟ್ಟುತ್ತದೆ, ಎರಡನೆಯದರಿಂದ ಸುಳ್ಳು ಧೈರ್ಯ. ಪ್ರಮಾಣೀಕೃತ ಪೆನಿಸಿಲಿನ್ ಚರ್ಮಪರೀಕ್ಷೆಯೇ ಬೇರೆ: ಅದಕ್ಕೆ ಪೆನಿಸಿಲೊಯಿಲ್ ಎಂಬ ಸಿದ್ಧ ಘಟಕವೂ ಇತರ ಸಣ್ಣ ಘಟಕಗಳೂ ಬೇಕು, ಹಂತಹಂತದ ದುರ್ಬಲ ದ್ರಾವಣಗಳು ಬೇಕು, ಫಲಿತಾಂಶ ಋಣಾತ್ಮಕವಾದ ಮೇಲೂ ಬಾಯಿ ಮೂಲಕ ಕೊಟ್ಟು ಖಚಿತಪಡಿಸಿಕೊಳ್ಳಬೇಕು. ಹಿಂದೆ ಯಾವ ಪ್ರತಿಕ್ರಿಯೆಯೂ ಆಗಿರದ ರೋಗಿಗೆ ಟೆಸ್ಟ್ ಡೋಸ್‌ನಿಂದ ಸಿಗುವುದು ವೈದ್ಯರ ಕಾನೂನು ಭಯಕ್ಕೊಂದು ಸಮಾಧಾನ ಮಾತ್ರ. ಸಂಸ್ಥೆಯ ನಿಯಮದಂತೆ ಮಾಡಲೇಬೇಕಾದಲ್ಲಿ, ಅದನ್ನೇ ರಕ್ಷಣೆಯೆಂದು ನಂಬಬಾರದು.

ಈ ಭಯದ ಬೆಲೆ ತೆರುತ್ತಿರುವವರು ರುಮ್ಯಾಟಿಕ್ ಹೃದ್ರೋಗದ ಹುಡುಗ ಹುಡುಗಿಯರು. ದೊಡ್ಡ ಊರಿನ ಹೃದ್ರೋಗ ತಜ್ಞರು ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ 12 ಲಕ್ಷ ಯೂನಿಟ್ ಎಂದು ಬರೆದು ಕಳಿಸುತ್ತಾರೆ. ಊರಿನಲ್ಲಿ ಅದನ್ನು ಚುಚ್ಚಲು ಒಬ್ಬರೂ ಒಪ್ಪುವುದಿಲ್ಲ. 1991ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ 11 ದೇಶಗಳ 1,790 ರೋಗಿಗಳಿಗೆ ಕೊಟ್ಟ 32,430 ಇಂಜೆಕ್ಷನ್‌ಗಳನ್ನು ಲೆಕ್ಕಹಾಕಿತು. ಅನಾಫಿಲಾಕ್ಸಿಸ್ ಆದದ್ದು ನಾಲ್ವರಿಗೆ, ಸತ್ತವರು ಒಬ್ಬರು. ಇಂಜೆಕ್ಷನ್ನಿನ ಬೆನ್ನಲ್ಲೇ ಆಗುವ ಸಾವುಗಳಲ್ಲಿ ಕೆಲವಕ್ಕೆ ಅಲರ್ಜಿಯಲ್ಲ, ಆಗಲೇ ಸೋತಿರುವ ಹೃದಯವೇ ಕಾರಣವಿರಬಹುದು ಎಂದು ಅಮೆರಿಕದ ಹೃದ್ರೋಗ ಸಂಘ 2022ರಲ್ಲಿ ಎಚ್ಚರಿಸಿತು. ಕವಾಟ ತೀರಾ ಕೆಟ್ಟವರಿಗೆ, ಹೃದಯ ದುರ್ಬಲವಾದವರಿಗೆ ಇಂಜೆಕ್ಷನ್ ಬದಲು ಮಾತ್ರೆ ಕೊಡಬೇಕೆಂದು ಅದು ಸೂಚಿಸುತ್ತದೆ. ಉಳಿದವರನ್ನು ಮಲಗಿಸಿ, ಹೊಟ್ಟೆಗೆ ನೀರು-ತಿಂಡಿ ಬಿದ್ದಿದೆಯೇ ನೋಡಿ, ನಿಧಾನವಾಗಿ ಚುಚ್ಚಿ, ಅರ್ಧ ಗಂಟೆ ಕೂರಿಸಿಕೊಂಡರೆ ಆಯಿತು. ಅಲರ್ಜಿ ನಿಜವೆಂದು ಖಚಿತವಾದವರಿಗೆ ದಿನನಿತ್ಯದ ಎರಿತ್ರೊಮೈಸಿನ್‌ನಂಥ ಔಷಧವೇ ಗತಿ. ಆದರೆ ವರ್ಷಗಟ್ಟಲೆ ದಿನವೂ ಮಾತ್ರೆ ನುಂಗಿಸುವುದು ಎಷ್ಟು ಕಷ್ಟವೆಂದು ಮನೆಯವರಿಗೆ ಗೊತ್ತು.

ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಬದಲಿ ಔಷಧವೇ ಇಲ್ಲ. ಒಡಲೊಳಗಿನ ಮಗುವನ್ನು ಕಾಯಬಲ್ಲದ್ದು ಪೆನಿಸಿಲಿನ್ ಒಂದೇ. ಅಲರ್ಜಿ ಖಚಿತವಾಗಿದ್ದರೆ ಆಕೆಯನ್ನು ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಗೆ ಕಳಿಸಿ ಡಿಸೆನ್ಸಿಟೈಸೇಶನ್ ಮಾಡಿಸಬೇಕು. ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹದಿನೈದು ನಿಮಿಷಕ್ಕೊಮ್ಮೆ ಏರಿಸುತ್ತ ಹೋಗಿ, ಸುಮಾರು ನಾಲ್ಕು ಗಂಟೆಯಲ್ಲಿ ಪೂರ್ತಿ ಡೋಸ್ ಮುಟ್ಟಿಸುವ ವಿಧಾನ ಅದು. ಔಷಧ ನಿಲ್ಲಿಸಿದರೆ ಆ ಸಹಿಷ್ಣುತೆಯೂ ಹೋಗುತ್ತದೆ. ಸ್ಟೀವನ್ಸ್-ಜಾನ್ಸನ್ ಬಗೆಯ ಇತಿಹಾಸವಿದ್ದವರಿಗೆ ಇದು ವರ್ಜ್ಯ.

ಯಾವ ಔಷಧ ಆರಿಸಿದರೂ ಟ್ರೇಯಲ್ಲಿ ಅಡ್ರಿನಲಿನ್ ಇಲ್ಲದೆ ಇಂಜೆಕ್ಷನ್ ಕೊಡಕೂಡದು. ವಯಸ್ಕರಿಗೆ 1 ಎಂಎಲ್‌ನಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನಿಂದ ಅರ್ಧ ಎಂಎಲ್, ಮಕ್ಕಳಿಗೆ ಹತ್ತು ಕಿಲೋ ತೂಕಕ್ಕೆ 0.1 ಎಂಎಲ್, ತೊಡೆಯ ಹೊರಭಾಗದ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷದ ಮೇಲೆ ಮತ್ತೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಎಬ್ಬಿಸಿ ನಡೆಸಬಾರದು. ಏವಿಲ್, ಹೈಡ್ರೊಕಾರ್ಟಿಸೋನ್ ಆಮೇಲಿನ ಮಾತು. ಅವನ್ನು ಮೊದಲು ಕೊಟ್ಟು ಅಡ್ರಿನಲಿನ್‌ಗೆ ತಡ ಮಾಡಿದ್ದೇ ಹಲವು ಸಾವುಗಳಿಗೆ ಕಾರಣ.

ಔಷಧ ಅಂಗಡಿಗಳ ಹೊಣೆ ಹೆಸರುಗಳದ್ದು. ಆಗ್‌ಮೆಂಟಿನ್, ಕ್ಲಾವಮ್, ಮಾಕ್ಸ್, ನೊವಾಮಾಕ್ಸ್, ಮೆಗಾಪೆನ್: ಇವೆಲ್ಲದರಲ್ಲೂ ಪೆನಿಸಿಲಿನ್ ಜಾತಿಯ ಔಷಧವಿದೆ, ಆದರೆ ದೊಡ್ಡಕ್ಷರದ ಹೆಸರು ನೋಡಿ ರೋಗಿಗೆ ಅದು ಗೊತ್ತಾಗುವುದಿಲ್ಲ. ಅಲರ್ಜಿ ನಿಜವಾಗಿರುವ ವ್ಯಕ್ತಿಗೆ ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿ ಹೇಳಬೇಕಾದವರು ಕೌಂಟರಿನ ಆಚೆ ನಿಂತವರೇ. ವೈದ್ಯರು ಬರೆಯುವಾಗಲೂ ‘ಪೆನಿಸಿಲಿನ್ ಅಲರ್ಜಿ’ ಎಂದು ಎರಡು ಪದ ಗೀಚಿ ಬಿಡದೆ, ಔಷಧದ ಹೆಸರು, ವರ್ಷ, ಎಷ್ಟು ಹೊತ್ತಿಗೆ ಏನಾಯಿತು, ಆಮೇಲೆ ತೊಂದರೆಯಿಲ್ಲದೆ ತೆಗೆದುಕೊಂಡ ಆ್ಯಂಟಿಬಯಾಟಿಕ್ ಯಾವುದು ಎಂದು ಕನ್ನಡದಲ್ಲೇ ಒಂದು ಚೀಟಿ ಬರೆದು ರೋಗಿಯ ಕೈಗೆ ಕೊಡಬೇಕು. ಪರೀಕ್ಷೆಯಲ್ಲಿ ಅಲರ್ಜಿ ಇಲ್ಲವೆಂದಾದರೆ ಹಳೆಯ ಕೆಂಪು ಸಾಲನ್ನು ಹೊಡೆದುಹಾಕಿ, ದಿನಾಂಕ ಹಾಕಿ, ಸಹಿ ಮಾಡಬೇಕು. ಹೊಸದಾಗಿ ಪ್ರತಿಕ್ರಿಯೆ ಕಂಡರೆ ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ನಡೆಸುವ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ವರದಿ ಮಾಡಲು ವೈದ್ಯರೇ ಆಗಬೇಕೆಂದಿಲ್ಲ. ಶುಶ್ರೂಷಾ ಅಧಿಕಾರಿ, ಅಂಗಡಿಯವರು, ಸ್ವತಃ ರೋಗಿ, ಯಾರು ಬೇಕಾದರೂ ಮಾಡಬಹುದು.